ಹಿತ, ಮಿತ, ಪ್ರಿಯ: ಒಂದು ಹಾಸ್ಯಚಿತ್ರದಲ್ಲಿ ತಂದೆಯ ಮಾತು

ಮಾತು ಹಿತವಾಗಿರಬೇಕು, ಮಿತವಾಗಿರಬೇಕು, ಪ್ರಿಯವಾಗಿರಬೇಕು ಎಂಬುದು ಜೈನ ಮನೆಗಳಲ್ಲಿ ಮಕ್ಕಳು ಚಿಕ್ಕಂದಿನಿಂದಲೇ ಕೇಳಿ ಬೆಳೆಯುವ ನೀತಿ. ಈ ಮೂರು ಗುಣಗಳಲ್ಲಿ ಮೊದಲಿನ ಎರಡನ್ನು ಬಹುಪಾಲು ತಂದೆಯರು ಪ್ರಯಾಸವಿಲ್ಲದೆ ಪಾಲಿಸುತ್ತಾರೆ. ಮಗನಿಗೆ ಒಳಿತಾಗುವುದನ್ನೇ ಹೇಳುತ್ತಾರೆ. ಹೇಳುವುದನ್ನು ಬಹಳ ಕಡಿಮೆಯಾಗಿಯೇ ಹೇಳುತ್ತಾರೆ. ಮೂರನೆಯ ಗುಣ ಮಾತ್ರ ನಾಲಗೆಯ ತುದಿಯವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಪ್ರೀತಿ ಇಲ್ಲವೆಂದಲ್ಲ, ಅದು ಶಾಲೆಯ ಶುಲ್ಕವಾಗಿ, ಹಬ್ಬದ ಹೊಸ ಬಟ್ಟೆಯಾಗಿ, ರಾತ್ರಿ ಬಾಗಿಲು ತೆರೆದಿಟ್ಟು ಕಾಯುವ ಎಚ್ಚರವಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಮಾತಾಗುವುದಿಲ್ಲ. ಮಾತಾಗದ ಆ ಪ್ರೀತಿಯನ್ನು ಮಗನು ಎಲ್ಲಿ ಓದಿಕೊಳ್ಳಬೇಕು? ಓದಿಕೊಳ್ಳಲಾಗದೆ ಹೋದರೆ ಅದರ ಹಸಿವನ್ನು ಯಾವುದರಿಂದ ತುಂಬಿಕೊಳ್ಳುತ್ತಾನೆ? ಈ ಪ್ರಶ್ನೆಯನ್ನು ಅಮೆರಿಕದ ಒಂದು ಅನಿಮೇಷನ್ ಹಾಸ್ಯಚಿತ್ರ ವಿಜ್ಞಾನ ಕಲ್ಪನೆಯ ವೇಷದಲ್ಲಿ ಎತ್ತಿಕೊಂಡಿದೆ. ನಗಿಸುವುದಕ್ಕೆಂದೇ ಮಾಡಿದ ಚಿತ್ರವಾದರೂ ಅದು ಕೇಳುವ ಪ್ರಶ್ನೆ ನಗುವಿನೊಡನೆ ಮುಗಿದುಹೋಗುವಂಥದಲ್ಲ.

ಆ ಚಿತ್ರದ ಹೆಸರು ‘ಕ್ಲೌಡಿ ವಿತ್ ಎ ಚಾನ್ಸ್ ಆಫ್ ಮೀಟ್‌ಬಾಲ್ಸ್’. ಸೋನಿ ಪಿಕ್ಚರ್ಸ್ ಅನಿಮೇಷನ್ ಸಂಸ್ಥೆ ನಿರ್ಮಿಸಿದ ಈ ಚಿತ್ರ 2009ರ ಸೆಪ್ಟೆಂಬರಿನಲ್ಲಿ ತೆರೆಗೆ ಬಂದಿತು. ಫಿಲ್ ಲಾರ್ಡ್ ಮತ್ತು ಕ್ರಿಸ್ಟೋಫರ್ ಮಿಲ್ಲರ್ ಜೊತೆಯಾಗಿ ಬರೆದು ನಿರ್ದೇಶಿಸಿದ ಮೊದಲ ಪೂರ್ಣಾವಧಿ ಚಿತ್ರವಿದು. ಹವಾಮಾನದ ಮುನ್ಸೂಚನೆಯ ಧಾಟಿಯನ್ನು ಅಣಕಿಸುವ ಅದರ ಹೆಸರಿಗೆ, ಮೋಡ ಕವಿದಿದೆ, ಮಾಂಸದುಂಡೆಗಳ ಮಳೆಯಾಗುವ ಸಂಭವವಿದೆ ಎಂದು ಅರ್ಥ. ಹೆಸರೇ ಹೀಗಿರುವಾಗ ಈ ಪತ್ರಿಕೆಯ ಓದುಗರಿಗೆ ಒಂದು ಸಂಗತಿಯನ್ನು ಮೊದಲಿಗೇ ತಿಳಿಸುವುದು ಧರ್ಮ. ಚಿತ್ರದಲ್ಲಿ ಆಕಾಶದಿಂದ ಉದುರುವ ತಿನಿಸುಗಳಲ್ಲಿ ಮಾಂಸದ್ದೇ ದೊಡ್ಡ ಪಾಲು. ಕಥಾನಾಯಕನ ತಂದೆ ಮೀನುಗಾರಿಕೆಯ ಸಲಕರಣೆಗಳನ್ನು ಮಾರುವವನು. ಈ ಆಹಾರ ಸರಿಯೋ ತಪ್ಪೋ ಎಂಬ ಪ್ರಶ್ನೆ ಚಿತ್ರದಲ್ಲಿ ಯಾರ ಮನಸ್ಸಿಗೂ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ಚಿತ್ರವನ್ನು ಹೊಗಳುವುದು ನ್ಯಾಯವಾಗಲಾರದು; ಇದೊಂದರಿಂದಲೇ ಚಿತ್ರದ ಉಳಿದ ಮಾತನ್ನು ಕೇಳದಿರುವುದೂ ನ್ಯಾಯವಾಗಲಾರದು.

ಚಿತ್ರದ ಮೂಲ, ಜೂಡಿ ಬ್ಯಾರೆಟ್ ಬರೆದು ರಾನ್ ಬ್ಯಾರೆಟ್ ಚಿತ್ರಗಳನ್ನು ರಚಿಸಿದ, 1978ರಲ್ಲಿ ಪ್ರಕಟವಾದ ಮಕ್ಕಳ ಪುಸ್ತಕ. ಅಜ್ಜನೊಬ್ಬನು ಮೊಮ್ಮಕ್ಕಳಿಗೆ ಹೇಳುವ ಕಥೆ ಅದು: ದಿನಕ್ಕೆ ಮೂರು ಹೊತ್ತು ಆಕಾಶದಿಂದ ಊಟ ಸುರಿಯುವ ಒಂದು ಊರು, ಕ್ರಮೇಣ ಆ ಊಟ ಅಳತೆ ಮೀರಿ ದೊಡ್ಡದಾಗುವುದು, ಜನರು ಊರನ್ನೇ ಬಿಟ್ಟು ಹೋಗುವುದು. ಪುಸ್ತಕದಲ್ಲಿ ವಿಜ್ಞಾನಿಯಿಲ್ಲ, ಯಂತ್ರವಿಲ್ಲ, ಮಗನೊಡನೆ ಮಾತು ಬಾರದ ತಂದೆಯೂ ಇಲ್ಲ. ಊಟವೇಕೆ ಸುರಿಯುತ್ತದೆ ಎಂಬ ಪ್ರಶ್ನೆಗೆ ಚಿತ್ರ ಯಂತ್ರವನ್ನು ಉತ್ತರವಾಗಿ ಕೊಟ್ಟಿತು. ಆ ಯಂತ್ರವನ್ನು ಒಬ್ಬನು ಏಕೆ ಕಟ್ಟಿದ ಎಂಬ ಪ್ರಶ್ನೆಗೆ ತಂದೆಯನ್ನು ಉತ್ತರವಾಗಿ ಕೊಟ್ಟಿತು.

ಈ ಎರಡನೆಯ ಉತ್ತರ ಚಿತ್ರಕ್ಕೆ ತಡವಾಗಿ ದೊರೆತದ್ದು. ನಿರ್ದೇಶಕರ ಕರಡಿನಲ್ಲಿ ಹಾಸ್ಯವೇನೋ ಇದೆ, ಕಥೆಯಿಲ್ಲ ಎಂಬ ಆಕ್ಷೇಪ ಸಂಸ್ಥೆಯ ಮುಖ್ಯಸ್ಥರಿಂದ ಬಂದಿತು. ಕಥೆಯನ್ನು ಹಿಡಿದು ನಿಲ್ಲಿಸುವ ಒಂದು ಸಂಬಂಧವೇ ಇಲ್ಲವೆಂಬುದು ಆಗ ಅವರಿಗೆ ತಿಳಿಯಿತು. ಗಾಳ ಮಾರುವ ಅಂಗಡಿಯಲ್ಲಿ ಸುಮ್ಮನೆ ನಿಂತಿದ್ದ, ಲೆಕ್ಕಕ್ಕಿಲ್ಲದ ಒಂದು ಪಾತ್ರವನ್ನು ಅವರು ನಾಯಕನ ತಂದೆಯನ್ನಾಗಿ ಮಾಡಿದರು. ಮೂಲೆಯಲ್ಲಿ ನಿಂತಿದ್ದ ಅಂಗಡಿಯವನು ಕಥೆಯ ನಡುಗಂಬವಾದನು. ಎಷ್ಟೋ ಮನೆಗಳಲ್ಲಿಯೂ ತಂದೆಯ ಸ್ಥಾನ ಇಂಥದೇ ಅಲ್ಲವೇ? ಆತ ಹಿನ್ನೆಲೆಯಲ್ಲಿ ಇದ್ದೇ ಇರುತ್ತಾನೆ. ಕಥೆ ಆತನದ್ದೂ ಹೌದೆಂಬುದು ತಿಳಿಯುವಷ್ಟರಲ್ಲಿ ಅರ್ಧ ಆಯುಷ್ಯ ಕಳೆದಿರುತ್ತದೆ.

ಇನ್ನು ಕಥೆ. ಅಟ್ಲಾಂಟಿಕ್ ಸಾಗರದ ನಡುವೆ ಸ್ವಾಲೋ ಫಾಲ್ಸ್ ಎಂಬ ಕಲ್ಪಿತ ದ್ವೀಪ. ಸಾರ್ಡೀನ್ ಮೀನನ್ನು ಡಬ್ಬಿಗಳಲ್ಲಿ ತುಂಬಿ ಹೊರಗೆ ಕಳುಹಿಸುವುದೇ ಊರಿನ ಕಸುಬು. ಹೊರಜಗತ್ತು ಒಂದು ದಿನ ಆ ಮೀನನ್ನು ಒಲ್ಲೆನೆನ್ನುತ್ತದೆ, ಕಾರ್ಖಾನೆ ಮುಚ್ಚುತ್ತದೆ, ಊರಿಗೆ ಊರೇ ಮಾರಾಟವಾಗದೆ ಉಳಿದುದನ್ನು ತಿನ್ನುತ್ತ ಬಣ್ಣಗೆಟ್ಟು ಕೂರುತ್ತದೆ. ಕಸುಬು ಬಿದ್ದ ಊರಿನ ಈ ಚಿತ್ರ ಬರಿಯ ವಿನೋದವಲ್ಲ. 1992ರ ಜುಲೈ ತಿಂಗಳಿನಲ್ಲಿ ಕೆನಡಾ ಸರ್ಕಾರ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಿದಾಗ ಸುಮಾರು 30 ಸಾವಿರ ಜನರ ಕೆಲಸ ಹೋಯಿತು. ಅತಿಯಾಗಿ ಹಿಡಿದುದರ ಫಲವಾಗಿ ಅಲ್ಲಿ ಮೀನಿನ ಸಂತತಿಯೇ ಕುಸಿದಿತ್ತು. ಚಿತ್ರದ ಊರಿನಲ್ಲಿ ಕಾರಣ ಬೇರೆ, ಪರಿಣಾಮ ಒಂದೇ: ತಂದೆಗೆ ಗೊತ್ತಿರುವ ವಿದ್ಯೆ ಮಗನ ಕಾಲಕ್ಕೆ ಉಪಯೋಗಕ್ಕೆ ಬಾರದಂತಾಗುವುದು.

ಫ್ಲಿಂಟ್ ಲಾಕ್‌ವುಡ್ ಆ ಊರಿನ ಹುಡುಗ; ಹೊಸ ಯಂತ್ರಗಳನ್ನು ಕಂಡುಹಿಡಿಯುವುದೇ ಅವನ ಹುಚ್ಚು. ಬಾಲ್ಯದಲ್ಲಿ ಅವನು, ಕಾಲಿನ ಮೇಲೆ ಸಿಂಪಡಿಸಿದರೆ ಅಲ್ಲಿಯೇ ಗಟ್ಟಿಯಾಗುವ ಪಾದರಕ್ಷೆಯನ್ನು ತಯಾರಿಸಿ ತರಗತಿಗೆ ತರುತ್ತಾನೆ. ಅದನ್ನು ಕಾಲಿನಿಂದ ಕಳಚಲು ಬರುವುದಿಲ್ಲವೆಂಬುದು ತಿಳಿದು ತರಗತಿಯೆಲ್ಲ ನಗುತ್ತದೆ. ತಾಯಿ ಫ್ರಾನ್ ಅವನನ್ನು ಸಂತೈಸಿ, ಪ್ರಯೋಗಾಲಯದ ಬಿಳಿಯ ನಿಲುವಂಗಿಯೊಂದನ್ನು ಕೊಡುತ್ತಾಳೆ. ಅಂಗಿ ಅವನಿಗಿಂತ ದೊಡ್ಡದು. ಆತ ಅದಕ್ಕೆ ತಕ್ಕಂತೆ ಬೆಳೆಯುವನೆಂಬ ನಂಬಿಕೆ ಅವಳದು. ಸ್ವಲ್ಪ ಕಾಲದಲ್ಲಿಯೇ ಅವಳು ತೀರಿಕೊಳ್ಳುತ್ತಾಳೆ. ಉಳಿದವನು ತಂದೆ ಟಿಮ್. ಗಾಳ, ಎರೆ ಮಾರುವ ಅಂಗಡಿಯ ಒಡೆಯ, ದಪ್ಪ ಮೀಸೆ, ಎರಡೂ ಸೇರಿ ಒಂದೇ ಆಗಿರುವ ಹುಬ್ಬಿನಡಿಯಲ್ಲಿ ಕಣ್ಣುಗಳೇ ಕಾಣವು. ಮಗನಿಗೆ ಆತ ಹೇಳುವ ಬುದ್ಧಿಯೆಲ್ಲ ಮೀನುಗಾರಿಕೆಯ ಉಪಮಾನಗಳಲ್ಲಿ ಬರುತ್ತದೆ. ಆ ಉಪಮಾನಗಳು ಮಗನಿಗೆ ಅರ್ಥವಾಗುವುದಿಲ್ಲ. ಅರ್ಥವಾಗಲಿಲ್ಲವೆಂಬುದು ತಂದೆಗೂ ತಿಳಿಯುತ್ತದೆ. ಬೇರೆ ಮಾತು ಮಾತ್ರ ಆತನಲ್ಲಿಲ್ಲ.

ಕಣ್ಣು ಕಾಣದ ಆ ಮುಖ ಚಿತ್ರಕಾರರ ಒಂದು ಜಾಣ ನಿರ್ಧಾರ. ಕಣ್ಣೇ ಕಾಣದಿದ್ದರೆ ತಂದೆ ಮೆಚ್ಚಿದನೋ ಮುನಿದನೋ ಎಂಬುದನ್ನು ಮಗನು ಹೇಗೆ ತಾನೆ ತಿಳಿದಾನು? ನೋಡುವವರಿಗೂ ತಿಳಿಯುವುದಿಲ್ಲ, ಹಾಗಾಗಿ ನೋಡುವವರು ಫ್ಲಿಂಟನ ಸ್ಥಾನದಲ್ಲಿಯೇ ಕುಳಿತು ಟಿಮ್‌ನನ್ನು ನೋಡುತ್ತಾರೆ. ಮಗನು ಬೆಳೆದ ಮೇಲೂ ಕಂಡುಹಿಡಿದ ಯಂತ್ರಗಳೆಲ್ಲ ಕೆಡುತ್ತಲೇ ಇರುವಾಗ, ಇದನ್ನೆಲ್ಲ ಬಿಟ್ಟು ಪೂರ್ಣವಾಗಿ ಅಂಗಡಿಯಲ್ಲಿ ಕೂರು ಎನ್ನುವುದು ತಂದೆಯ ಸಲಹೆ. ಇದು ದುಷ್ಟತನವಲ್ಲ. ತನಗೆ ಗೊತ್ತಿರುವ ಒಂದೇ ಆಸರೆಯನ್ನು ಆತ ಮಗನಿಗೆ ಕೊಡುತ್ತಿದ್ದಾನೆ. ಅಂಗಡಿಯ ಬೀಗದ ಕೈಯನ್ನು ಮಗನ ಕೈಗಿಡುವುದಕ್ಕಿಂತ ದೊಡ್ಡ ಪ್ರೀತಿಯ ಮಾತನ್ನು ಅರಿಯದ ತಂದೆಯರು ಎಲ್ಲ ವ್ಯಾಪಾರಸ್ಥ ಸಮಾಜಗಳಲ್ಲಿಯೂ ಇದ್ದಾರೆ. ಮಗನಿಗೆ ಅದೇ ಬೀಗ ತನ್ನ ಬಾಗಿಲಿಗೆ ಬಿದ್ದಂತೆ ಕಾಣಿಸುತ್ತದೆ. ಹಿತವಾದ ಮಾತು ಪ್ರಿಯವಾಗದೆ ಹೋದಾಗ ಆಗುವುದು ಇಷ್ಟೇ.

ತಂದೆ ಒಪ್ಪಿಸಿಹೋದ ಅಂಗಡಿಯನ್ನು ಬಿಟ್ಟು ಓಡುವ ದಿನ ಫ್ಲಿಂಟ್ ತನ್ನ ಹೊಸ ಯಂತ್ರವನ್ನು ವಿದ್ಯುತ್ ಕೇಂದ್ರಕ್ಕೆ ಜೋಡಿಸುತ್ತಾನೆ. ನೀರನ್ನು ಊಟವಾಗಿ ಮಾರ್ಪಡಿಸುವ ಯಂತ್ರ ಅದು. ವಿದ್ಯುತ್ತಿನ ರಭಸಕ್ಕೆ ಅದು ಕೈತಪ್ಪಿ, ಮೇಯರನು ಪ್ರವಾಸಿಗರಿಗಾಗಿ ಕಟ್ಟಿಸಿದ್ದ ಉದ್ಯಾನವನ್ನು ಧ್ವಂಸಮಾಡಿ ಆಕಾಶಕ್ಕೆ ಹಾರುತ್ತದೆ. ಮೋಡಗಳ ನೀರನ್ನು ಹೀರಿ ಊಟವನ್ನು ಸುರಿಸತೊಡಗುತ್ತದೆ. ವಿಜ್ಞಾನದ ದೃಷ್ಟಿಯಿಂದ ಇದು ಅಸಾಧ್ಯ. ನೀರಿನಲ್ಲಿರುವುದು ಜಲಜನಕ ಮತ್ತು ಆಮ್ಲಜನಕ. ಅನ್ನಕ್ಕೆ ಬೇಕಾದ ಇಂಗಾಲವಾಗಲಿ ಸಾರಜನಕವಾಗಲಿ ಅದರಲ್ಲಿಲ್ಲ. ಒಳ್ಳೆಯ ವಿಜ್ಞಾನ ಕಥೆಗೆ ಇಂತಹ ಒಂದು ಸುಳ್ಳನ್ನು ಹೇಳುವ ಸ್ವಾತಂತ್ರ್ಯ ಉಂಟು. ಆ ಸುಳ್ಳಿನ ಮೂಲಕ ಯಾವ ಸತ್ಯವನ್ನು ತೋರಿಸುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಇಲ್ಲಿ ಕಾಣಿಸುವ ಸತ್ಯವೆಂದರೆ ಯಂತ್ರ ತುಂಬಲು ಹೊರಟಿದ್ದು ಊರಿನ ಹೊಟ್ಟೆಯನ್ನಲ್ಲ, ಒಬ್ಬ ಮಗನ ಮನಸ್ಸನ್ನು ಎಂಬುದು. ಊರಿನವರು ಒಂದು ತುತ್ತನ್ನು ಬಾಯಿಗಿಟ್ಟು ಹೊಗಳಿದ ಕ್ಷಣದಿಂದ ಫ್ಲಿಂಟ್‌ಗೆ ಬೇಡವೆನ್ನುವ ಶಕ್ತಿಯೇ ಇಲ್ಲವಾಗುತ್ತದೆ. ಯಾರು ಏನು ಕೇಳಿದರೂ ಆಗಲಿ ಎನ್ನುತ್ತಾನೆ. ಮನೆಯಲ್ಲಿ ದೊರೆಯದ ಒಂದು ಮೆಚ್ಚುಗೆಯನ್ನು ಬೀದಿಯಲ್ಲಿ ಸಾವಿರ ಬಾಯಿಗಳಿಂದ ಸಂಗ್ರಹಿಸುತ್ತಾನೆ.

ಈ ಹಂತದಲ್ಲಿ ಚಿತ್ರ ತಂದೆಯರನ್ನು ಒಬ್ಬರ ಪಕ್ಕದಲ್ಲಿ ಒಬ್ಬರಂತೆ ನಿಲ್ಲಿಸಿ ತೋರಿಸುತ್ತದೆ. ಒಬ್ಬನು ಟಿಮ್. ಇನ್ನೊಬ್ಬನು ಊರಿನ ಪೊಲೀಸ್ ಅಧಿಕಾರಿ ಅರ್ಲ್. ತನ್ನ ಮಗ ಕ್ಯಾಲ್ ಎಂದರೆ ಪ್ರಾಣವೆಂಬುದನ್ನು ಯಾವ ಸಂಕೋಚವೂ ಇಲ್ಲದೆ ಎಲ್ಲರ ಎದುರಿಗೆ ತೋರಿಸುವವನು. ಫ್ಲಿಂಟ್‌ನನ್ನು ಸದಾ ಸಂಶಯದಿಂದ ನೋಡುತ್ತಿದ್ದ ಆ ಮನುಷ್ಯ ಮಗನ ಹುಟ್ಟುಹಬ್ಬಕ್ಕಾಗಿ ಅವನ ಬಾಗಿಲಿಗೇ ಬಂದು ಬೇಡುತ್ತಾನೆ. ಮರುದಿನ ಊರಿನ ಮೇಲೆ ಹಿಮದಂತೆ ಐಸ್‌ಕ್ರೀಮ್ ಬಿದ್ದಿರುತ್ತದೆ. ಆ ತಂದೆ ಮಗ ಆಡುವುದನ್ನು ನೋಡುವ ಫ್ಲಿಂಟನ ಮುಖದಲ್ಲಿ ಸಂತೋಷವೂ ಕೊರತೆಯೂ ಒಟ್ಟಿಗೇ ಇವೆ. ಮೂರನೆಯವನು ಮೇಯರ್. ಆತ ಯಾರ ತಂದೆಯೂ ಅಲ್ಲ. ಆದರೆ ಟಿಮ್ ಖಾಲಿ ಬಿಟ್ಟ ಸ್ಥಳಕ್ಕೆ ಬಂದು ನಿಲ್ಲುತ್ತಾನೆ. ಫ್ಲಿಂಟ್ ಏನನ್ನು ಕೇಳಲು ಹಂಬಲಿಸುತ್ತಾನೋ ಅದನ್ನೇ ಆಡುತ್ತಾನೆ: ನೀನು ದೊಡ್ಡವನು, ಎಲ್ಲರೂ ನಿನ್ನನ್ನು ಮೆಚ್ಚುತ್ತಾರೆ, ಇನ್ನಷ್ಟು ಸುರಿಸು. ಆತನ ಮಾತು ಕೇವಲ ಪ್ರಿಯ. ಹಿತವೂ ಅಲ್ಲ, ಮಿತವೂ ಅಲ್ಲ. ದೃಶ್ಯದಿಂದ ದೃಶ್ಯಕ್ಕೆ ಉಬ್ಬುತ್ತ ಹೋಗುವ ಅವನ ದೇಹ ಆ ಮಾತಿನ ಅಮಿತತೆಯನ್ನು ಮಕ್ಕಳಿಗೂ ತಿಳಿಯುವಂತೆ ತೋರಿಸುತ್ತದೆ. ತಂದೆಯ ಬಾಯಲ್ಲಿ ಬಾರದ ಪ್ರಿಯವಚನವನ್ನು ಮಗನು ಹೊರಗೆ ಹುಡುಕಹೊರಟರೆ ಮೊದಲು ಎದುರಾಗುವವರು ಹೊಗಳುಭಟ್ಟರು ಎಂಬ ಎಚ್ಚರಿಕೆ ಇದರಲ್ಲಿದೆ. ಈ ಚಿತ್ರದ ಅತ್ಯಂತ ಬೆಲೆಯುಳ್ಳ ಒಳನೋಟ ಇದೇ ಎನ್ನಬೇಕು.

ಟಿಮ್ ಕೂಡ ಒಮ್ಮೆ ಮಾತನಾಡುತ್ತಾನೆ. ಛಾವಣಿಯಿಲ್ಲದ ಉಪಾಹಾರಗೃಹವೊಂದಕ್ಕೆ ಮಗನು ತಂದೆಯನ್ನು ಹೆಮ್ಮೆಯಿಂದ ಕರೆದೊಯ್ಯುತ್ತಾನೆ. ಊಟ ನೇರವಾಗಿ ಆಕಾಶದಿಂದಲೇ ತಟ್ಟೆಗೆ ಬೀಳುವ ವ್ಯವಸ್ಥೆ ಅಲ್ಲಿಯದು. ಬಿದ್ದ ತಿನಿಸನ್ನು ನೋಡಿದ ತಂದೆ, ಇದು ಸ್ವಲ್ಪ ದೊಡ್ಡದಾಯಿತಲ್ಲವೇ ಎಂದು ಕೇಳುತ್ತಾನೆ. ಇಡೀ ಊರಿನಲ್ಲಿ ಅಳತೆ ತಪ್ಪಿದುದನ್ನು ಮೊದಲು ಕಂಡವರಲ್ಲಿ ಆತ ಒಬ್ಬ. ಆ ಮಾತು ಹಿತ, ಮಿತ, ಸತ್ಯ. ಆದರೆ ಮಗನ ಕಿವಿಗೆ ಅದು ಮತ್ತೊಂದು ತಿರಸ್ಕಾರವಾಗಿಯೇ ಮುಟ್ಟುತ್ತದೆ. ಒಮ್ಮೆಯೂ ಮೆಚ್ಚಿದ್ದನ್ನು ಕೇಳದ ಮಗನು ಎಚ್ಚರಿಕೆಯನ್ನು ನಂಬುವುದು ಹೇಗೆ? ಮೆಚ್ಚುಗೆಯ ಠೇವಣಿ ಇಲ್ಲದ ಖಾತೆಯಿಂದ ತಂದೆ ಉಪದೇಶದ ಹಣವನ್ನು ತೆಗೆಯಹೊರಟಂತಾಯಿತು. ತಪ್ಪು ಇಬ್ಬರದ್ದೂ ಇದೆ. ಅದನ್ನು ಯಾರ ತಲೆಗೂ ಪೂರ್ತಿಯಾಗಿ ಕಟ್ಟದೆ ಚಿತ್ರ ಆ ದೃಶ್ಯವನ್ನು ಅಲ್ಲಿಗೇ ಬಿಡುತ್ತದೆ.

ಅಳತೆಯ ವಿಷಯ ಬಂದುದರಿಂದ ಒಂದು ಮಾತು. ಗೃಹಸ್ಥನು ತಾನು ಉಣ್ಣುವ, ಬಳಸುವ ವಸ್ತುಗಳಿಗೆ ತಾನೇ ಮೇರೆ ಹಾಕಿಕೊಳ್ಳಬೇಕೆಂಬ ಭೋಗೋಪಭೋಗ ಪರಿಮಾಣ ವ್ರತವನ್ನು ಅರಿತ ಓದುಗರಿಗೆ ಚಿತ್ರದ ನಡುಭಾಗ ಬೇರೆಯದೇ ಅರ್ಥವನ್ನು ಕೊಡುವುದು ಸಹಜ. ಫ್ಲಿಂಟ್ ತನ್ನ ಯಂತ್ರಕ್ಕೆ ಅಪಾಯವನ್ನು ಸೂಚಿಸುವ ಮಾಪಕವೊಂದನ್ನು ಕಟ್ಟಿದ್ದಾನೆ. ಅದರ ಮುಳ್ಳು ಮೇಲೇರುವುದನ್ನು ಅವನು ಕಂಡೂ ಇದ್ದಾನೆ. ಹೆಚ್ಚು ಹೆಚ್ಚು ಕೇಳಿದಷ್ಟೂ ಊಟದ ರಚನೆ ಕೆಟ್ಟು ಗಾತ್ರ ಬೆಳೆಯುತ್ತದೆಂಬುದೂ ಅವನಿಗೆ ಗೊತ್ತಾಗಿದೆ. ಹಾಗಾದರೆ ಕೊರತೆಯಾದದ್ದು ಜ್ಞಾನದ್ದಲ್ಲ, ಸಂಯಮದ್ದು. ತಿಂದು ಉಳಿದ ಊಟವನ್ನು ಇನ್ನೊಂದು ಯಂತ್ರ ಎತ್ತಿ ಊರಾಚೆಗೆ ಎಸೆಯುತ್ತದೆ. ಅಲ್ಲಿ ಅಣೆಕಟ್ಟಿನ ಹಿಂದೆ ಎಂಜಲಿನ ಬೆಟ್ಟ ಬೆಳೆಯುತ್ತದೆ. ಕಣ್ಣಿಗೆ ಕಾಣದುದರಿಂದ ಯಾರಿಗೂ ಅದರ ಚಿಂತೆಯಿಲ್ಲ. ಇದು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ. ಜಗತ್ತಿನಲ್ಲಿ ಮನುಷ್ಯರಿಗಾಗಿ ಬೆಳೆದ ಆಹಾರದ ಸುಮಾರು ಮೂರನೆಯ ಒಂದು ಪಾಲು, ಎಂದರೆ ವರ್ಷಕ್ಕೆ 130 ಕೋಟಿ ಟನ್ನಿನಷ್ಟು, ನಷ್ಟವೋ ವ್ಯರ್ಥವೋ ಆಗುತ್ತದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಅಂದಾಜು ಮಾಡಿತು. ಮನೆ, ಹೋಟೆಲು, ಅಂಗಡಿಗಳಲ್ಲಿಯೇ 2022ರಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ತಿಳಿಸಿತು. ಮದುವೆಯ ಪಂಕ್ತಿಗಳಲ್ಲಿ ಎಲೆಯ ಮೇಲೆ ಉಳಿಯುವುದನ್ನು ನೋಡಿದವರಿಗೆ ಈ ಅಂಕಿಗಳಿಗೆ ಬೇರೆ ಸಾಕ್ಷಿ ಬೇಡ. ಚಿತ್ರದಲ್ಲಿ ಆ ಅಣೆಕಟ್ಟು ಕೊನೆಗೆ ಒಡೆಯುತ್ತದೆ. ಬೆಟ್ಟ ಊರಿನ ಮೇಲೆಯೇ ಮಗುಚಿಕೊಳ್ಳುತ್ತದೆ.

ಅದಕ್ಕೂ ಮೊದಲು ಅತಿಯಾಗಿ ತಿಂದ ಪುಟ್ಟ ಕ್ಯಾಲ್ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಯಂತ್ರವನ್ನು ನಿಲ್ಲಿಸಲು ಹೊರಟ ಫ್ಲಿಂಟನನ್ನು ಮೇಯರ್ ತಡೆದು ಸಂಪರ್ಕ ಸಾಧನವನ್ನೇ ನಾಶಮಾಡುತ್ತಾನೆ. ಊರಿಗೆ ಬಿರುಗಾಳಿ ಎರಗುತ್ತದೆ. ಎಲ್ಲ ತನ್ನಿಂದಲೇ ಆಯಿತೆಂದು ಫ್ಲಿಂಟ್ ತನ್ನನ್ನು ತಾನೇ ಕಸದ ತೊಟ್ಟಿಗೆ ಎಸೆದುಕೊಳ್ಳುತ್ತಾನೆ. ಅಲ್ಲಿಗೆ ಹುಡುಕಿಕೊಂಡು ಬರುವವನು ತಂದೆ. ಆತ ದೀರ್ಘವಾಗಿ ಉಪದೇಶಿಸುವುದಿಲ್ಲ, ನಾನು ಮೊದಲೇ ಹೇಳಿದ್ದೆ ಎನ್ನುವುದಿಲ್ಲ. ತಾಯಿ ಕೊಟ್ಟಿದ್ದ ಆ ಬಿಳಿಯ ನಿಲುವಂಗಿಯನ್ನು ಮಗನಿಗೆ ಮತ್ತೆ ತೊಡಿಸುತ್ತಾನೆ. ಅಂಗಡಿಯಲ್ಲಿ ಕೂರು ಎಂದ ತಂದೆಯೇ ಈಗ ಪ್ರಯೋಗಾಲಯದ ಅಂಗಿಯನ್ನು ಹಿಡಿದು ನಿಂತಿರುವುದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ತನ್ನ ಆಸೆಯ ಮಗನನ್ನು ಬಿಟ್ಟುಕೊಟ್ಟು ಇರುವ ಮಗನನ್ನು ಒಪ್ಪಿಕೊಳ್ಳುವುದೂ ಒಂದು ತ್ಯಾಗ. ಮಕ್ಕಳ ಮೇಲಿನ ಒಡೆತನದ ಭಾವವೂ ಒಂದು ಬಗೆಯ ಪರಿಗ್ರಹವೆಂದು ತಿಳಿದವರಿಗೆ ಈ ದೃಶ್ಯ ವಿಶೇಷವಾಗಿ ಒಪ್ಪಿಗೆಯಾದೀತು.

ಇದರ ಬೆನ್ನಿಗೇ ಬರುವ ಪ್ರಸಂಗ ಚಿತ್ರದ ಹಾಸ್ಯಕ್ಕೂ ಕರುಣೆಗೂ ಶಿಖರ. ಆಕಾಶದಲ್ಲಿ ಯಂತ್ರದ ಸಮೀಪಕ್ಕೆ ಹೋಗಿರುವ ಮಗನಿಗೆ, ಅದನ್ನು ನಿಲ್ಲಿಸುವ ಸಂಕೇತವಿರುವ ಕಡತವನ್ನು ಕೆಳಗಿನಿಂದ ತಂದೆ ಗಣಕಯಂತ್ರದ ಮೂಲಕ ಕಳುಹಿಸಿಕೊಡಬೇಕು. ಟಿಮ್ ಜನ್ಮದಲ್ಲಿ ಗಣಕಯಂತ್ರವನ್ನು ಮುಟ್ಟಿದವನಲ್ಲ. ದೂರವಾಣಿಯಲ್ಲಿ ಮಗ ಹೇಳುವುದೊಂದು, ತಂದೆಗೆ ಅರ್ಥವಾಗುವುದೊಂದು. ಹಿಂದೆ ತಂದೆಯ ಉಪಮಾನಗಳು ಮಗನಿಗೆ ತಿಳಿಯುತ್ತಿರಲಿಲ್ಲ. ಈಗ ಮಗನ ಭಾಷೆ ತಂದೆಗೆ ತಿಳಿಯದು. ಜಗತ್ತು ಮುಳುಗುತ್ತಿರುವಾಗ ಇಬ್ಬರೂ ತಾಳ್ಮೆಯಿಂದ ಪರಸ್ಪರರ ಭಾಷೆಯನ್ನು ಕಲಿಯಬೇಕಾಗಿದೆ. ಪರದೇಶದಲ್ಲಿರುವ ಮಕ್ಕಳೊಡನೆ ಮೊಬೈಲಿನ ಗುಂಡಿಗಳಿಗಾಗಿ ತಡಕಾಡುವ ಎಷ್ಟು ಮನೆಗಳ ಹಿರಿಯರು ಇಲ್ಲಿ ತಮ್ಮನ್ನೇ ಕಾಣುವುದಿಲ್ಲ! ಕಡತ ಕೊನೆಗೂ ತಲುಪುತ್ತದೆ. ತೆರೆದು ನೋಡಿದರೆ ಅದು ತಪ್ಪು ಕಡತ. ಬೆಕ್ಕುಗಳ ಯಾವುದೋ ವಿನೋದ ದೃಶ್ಯ. ತಂದೆಯ ಅಷ್ಟೂ ಶ್ರಮ ಫಲದ ಲೆಕ್ಕದಲ್ಲಿ ಶೂನ್ಯ. ಆದರೆ ಆ ಶ್ರಮದ ಬೆಲೆ ಫಲದಲ್ಲಿರಲಿಲ್ಲ ಎಂಬುದು ಆ ಹೊತ್ತಿಗೆ ಮಗನಿಗೂ ನೋಡುಗರಿಗೂ ತಿಳಿದಿರುತ್ತದೆ. ಕೊನೆಗೆ ಫ್ಲಿಂಟ್ ಯಂತ್ರದ ಬಾಯನ್ನು ಮುಚ್ಚಿ ಅದನ್ನು ನಿಲ್ಲಿಸುವುದು ಬಾಲ್ಯದಲ್ಲಿ ಎಲ್ಲರೂ ನಕ್ಕ ಆ ಪಾದರಕ್ಷೆಯ ದ್ರವದಿಂದಲೇ. ಕಳಚಲಾಗದೆಂಬ ದೋಷವೇ ಇಲ್ಲಿ ಗುಣವಾಗುತ್ತದೆ.

ಮಗನು ಜೀವಂತವಾಗಿ ಹಿಂದಿರುಗುತ್ತಾನೆ. ಈಗಲಾದರೂ ಟಿಮ್ ಮಾತನಾಡಬೇಕು. ಮತ್ತೆ ಮೀನಿನ ಉಪಮಾನವೇ ತೊದಲಿಕೊಂಡು ಬರುತ್ತದೆ. ಆಗ ಫ್ಲಿಂಟನ ಗೆಳತಿ, ಹವಾಮಾನ ವರದಿಗಾರ್ತಿ ಸ್ಯಾಮ್, ಒಂದು ಯಂತ್ರವನ್ನು ತಂದು ಟಿಮ್‌ಗೆ ತೊಡಿಸುತ್ತಾಳೆ. ಅದು ಫ್ಲಿಂಟ್ ತನ್ನ ಕೋತಿಗಾಗಿ ಕಟ್ಟಿದ್ದ, ಮನಸ್ಸಿನ ವಿಚಾರವನ್ನು ಮಾತಾಗಿ ಹೊರಡಿಸುವ ಸಾಧನ. ಅಲ್ಲಿಯವರೆಗೆ ಅದು ನಗಿಸುವುದಕ್ಕೆ ಮಾತ್ರ ಬಳಕೆಯಾಗಿತ್ತು. ಅದರ ಮೂಲಕ ತಂದೆಯ ಒಳಗಿನ ಮಾತು ಮೊದಲ ಬಾರಿಗೆ ಕೇಳಿಸುತ್ತದೆ: ತನ್ನಂತಹ ಸಾಧಾರಣ ಮನುಷ್ಯನಿಗೆ ಇಂತಹ ಅಸಾಧಾರಣ ಮಗ ಹುಟ್ಟಿದ್ದು ಆತನಿಗೆ ಬೆರಗು, ಮಗನ ಬಗ್ಗೆ ಹೆಮ್ಮೆ, ಮೀನಿನ ಉಪಮಾನಗಳಲ್ಲಿ ಇಷ್ಟು ವರ್ಷ ಹೇಳಲು ಹೊರಟಿದ್ದುದು ಪ್ರೀತಿಯೆಂಬ ಒಂದೇ ಮಾತನ್ನು. ಊರಿಗೆಲ್ಲ ಊಟ ಸುರಿಸಿದ ದೊಡ್ಡ ಯಂತ್ರ ತುಂಬಲಾರದೆ ಹೋದುದನ್ನು ಕೋತಿಯ ಕೊರಳಿನ ಈ ಪುಟ್ಟ ಸಾಧನ ತುಂಬುತ್ತದೆ. ವಿಜ್ಞಾನ ಕಲ್ಪನೆಯ ನಿಜವಾದ ಕೆಲಸ ಚಿತ್ರದಲ್ಲಿ ನಡೆಯುವುದು ಇಲ್ಲಿಯೇ.

ಇಷ್ಟು ಹೇಳಿದ ಮೇಲೆ ಚಿತ್ರದ ದೋಷಗಳನ್ನೂ ಹೇಳಬೇಕು. ಮೊದಲನೆಯದು ಈ ಮುಕ್ತಾಯದಲ್ಲಿಯೇ ಇದೆ. ತಂದೆ ಕೊನೆಗೂ ತನ್ನ ನಾಲಗೆಯಿಂದ ಆ ಮಾತನ್ನು ಆಡಲಿಲ್ಲ, ಯಂತ್ರ ಆಡಿತು. ಯಂತ್ರಗಳ ಮೇಲಿನ ಅತಿಯಾದ ನಂಬಿಕೆಯಿಂದ ಆದ ಅನಾಹುತವನ್ನು ಒಂದೂವರೆ ಗಂಟೆ ತೋರಿಸಿದ ಚಿತ್ರ ತನ್ನ ಅತ್ಯಂತ ಕೋಮಲವಾದ ಗಂಟನ್ನು ಬಿಡಿಸಲು ಮತ್ತೆ ಯಂತ್ರವನ್ನೇ ಕರೆಯುತ್ತದೆ. ನಗು ಬಂದುದರಿಂದ ಈ ವಿರೋಧ ಕಾಣದೆ ಹೋಗುತ್ತದೆ, ಇಲ್ಲವಾಗುವುದಿಲ್ಲ. ಎರಡನೆಯದು, ಮಗನ ಪಶ್ಚಾತ್ತಾಪ ಹಗುರವಾದದ್ದು. ಮಾಪಕದ ಮುಳ್ಳನ್ನು ಕಂಡೂ ಮುಂದುವರಿದವನು ಫ್ಲಿಂಟ್. ಆದರೂ ಕಥೆ ಹೊಣೆಯ ಬಹುಭಾಗವನ್ನು ಮೇಯರನ ದೊಡ್ಡ ಹೊಟ್ಟೆಯ ಮೇಲೆ ಹೊರಿಸಿ ನಾಯಕನನ್ನು ಬಿಡಿಸಿಕೊಳ್ಳುತ್ತದೆ. ಮೂರನೆಯದು, ತಾಯಿ. ಮಗನನ್ನು ಅರ್ಥಮಾಡಿಕೊಂಡ ಏಕಮಾತ್ರ ವ್ಯಕ್ತಿಯನ್ನು ಕಥೆ ಆರಂಭದಲ್ಲಿಯೇ ತೆಗೆದುಹಾಕುತ್ತದೆ. ಇಂತಹ ಚಿತ್ರಗಳಲ್ಲಿ ತಂದೆ ಮಾತು ಕಲಿಯಬೇಕಾದರೆ ತಾಯಿ ಸಾಯಲೇಬೇಕೆಂಬ ಹಳೆಯ ಅನುಕೂಲದ ಸೂತ್ರ ಇಲ್ಲಿಯೂ ಮುರಿದಿಲ್ಲ. ನಾಲ್ಕನೆಯದು, ಅನ್ನದ ಬಗೆಗಿನ ಲಘುತ್ವ. ಅತಿಭೋಗವನ್ನು ಚಿತ್ರ ಖಂಡಿಸುತ್ತದೆ, ನಿಜ. ಆದರೆ ಖಂಡಿಸುವ ಮೊದಲು ಅದರ ವೈಭವವನ್ನು ಕಣ್ಣು ತುಂಬ ತೋರಿಸಿ ರಂಜಿಸುತ್ತದೆ. ಹಸಿದವರು ಎಲ್ಲಿಯೂ ಕಾಣುವುದಿಲ್ಲ. ಊಟ ತಮ್ಮ ತಲೆಯ ಮೇಲೆ ಬಿದ್ದಾಗ ಮಾತ್ರ ಊರಿನವರಿಗೆ ಅತಿಯೆಂಬುದು ತಪ್ಪಾಗಿ ತೋರುತ್ತದೆ. ಭಯದಿಂದ ಹುಟ್ಟಿದ ಮಿತಿ ವಿವೇಕದಿಂದ ಹುಟ್ಟಿದ ಮಿತಿಗೆ ಸಮವಲ್ಲ.

ಆಹಾರದ ಹಿಂದೆ ಜೀವವಿದೆ ಎಂಬ ವಿಚಾರಕ್ಕೆ ಮೊದಲ ಚಿತ್ರದಲ್ಲಿ ಎಡೆಯೇ ಇಲ್ಲ. ಅಚ್ಚರಿಯೆಂದರೆ ಕೋಡಿ ಕ್ಯಾಮರೂನ್ ಮತ್ತು ಕ್ರಿಸ್ ಪರ್ನ್ ನಿರ್ದೇಶಿಸಿ 2013ರಲ್ಲಿ ಬಂದ ಎರಡನೆಯ ಭಾಗದಲ್ಲಿ ಅದು ಬೇರೊಂದು ರೂಪದಲ್ಲಿ ತಲೆಯೆತ್ತುತ್ತದೆ. ಅಲ್ಲಿ ತಿನಿಸುಗಳೇ ಪ್ರಾಣಿಗಳಾಗಿ ಜೀವ ತಳೆದಿವೆ. ಅವುಗಳನ್ನು ಅಪಾಯವೆಂದು ಬಗೆದು ನಾಶಮಾಡಲು ಹೋದ ಫ್ಲಿಂಟ್, ಅವಕ್ಕೂ ಮರಿಗಳಿವೆ, ಭಯವಿದೆ, ಮಮತೆಯಿದೆ ಎಂಬುದನ್ನು ಕಂಡು ಕೈ ತಡೆಯುತ್ತಾನೆ. ಮಾಡಿದವರ ಉದ್ದೇಶ ವಿನೋದವೇ ಇರಬಹುದು. ತಟ್ಟೆಯಲ್ಲಿ ಕಂಡುದನ್ನು ಜೀವವಾಗಿ ನೋಡುವ ಕಣ್ಣೊಂದನ್ನು ಅದು ಮಕ್ಕಳಿಗೆ ಒಂದು ಗಳಿಗೆಯಾದರೂ ಕೊಡುತ್ತದೆ. ಆದರೆ ಕಥೆಯ ಕಟ್ಟಿನಲ್ಲಿ ಎರಡನೆಯ ಭಾಗ ಮೊದಲನೆಯದರಷ್ಟು ಗಟ್ಟಿಯಲ್ಲ. ತಂದೆ ಮಗನ ಎಳೆ ಅದರಲ್ಲಿ ಪಕ್ಕಕ್ಕೆ ಸರಿದಿದೆ.

ಲಾರ್ಡ್ ಮತ್ತು ಮಿಲ್ಲರ್ ಮಾತ್ರ ಆ ಎಳೆಯನ್ನು ಕೈಬಿಡಲಿಲ್ಲ. ಅವರು ನಿರ್ದೇಶಿಸಿದ 2014ರ ‘ದಿ ಲೆಗೊ ಮೂವಿ’ಯಲ್ಲಿ ತಾನು ಜೋಡಿಸಿದ ಆಟಿಕೆಯ ಊರನ್ನು ಮಗ ಮುಟ್ಟಬಾರದೆಂದು ಅಂಟು ಹಾಕಿ ಭದ್ರಪಡಿಸಲು ಹೊರಟ ತಂದೆಯಿದ್ದಾನೆ. ಅವರು ನಿರ್ಮಾಪಕರಲ್ಲಿ ಸೇರಿದ್ದ, ಮೈಕ್ ರಿಯಾಂಡ ನಿರ್ದೇಶನದ 2021ರ ‘ದಿ ಮಿಚೆಲ್ಸ್ ವರ್ಸಸ್ ದಿ ಮಷೀನ್ಸ್’ ಚಿತ್ರದಲ್ಲಿ, ಚಲನಚಿತ್ರ ಕಲಿಯಹೊರಟ ಮಗಳನ್ನು ಅರಿಯಲಾರದ ತಂದೆಯಿದ್ದಾನೆ. ಅಲ್ಲಿಯೂ ತಂದೆ ಸಂಕಟದ ವೇಳೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಬೆವರುತ್ತಾನೆ. ಹನ್ನೆರಡು ವರ್ಷಗಳ ಅಂತರದಲ್ಲಿ ಒಂದೇ ದೃಶ್ಯ ಮರಳಿ ಬಂದುದು ಆಕಸ್ಮಿಕವಲ್ಲ. ಒಂದು ತಲೆಮಾರಿನ ವಿದ್ಯೆ ಮುಂದಿನ ತಲೆಮಾರಿಗೆ ಅಪರಿಚಿತವಾಗುವ ವೇಗ ಹೆಚ್ಚಿದ ಕಾಲದಲ್ಲಿ, ಪರಸ್ಪರರಿಗೆ ಅರ್ಥವಾಗುವ ಮಾತನ್ನು ಹುಡುಕುವುದು ಸಂಸಾರದ ಮೊದಲ ಕರ್ತವ್ಯವಾಗುತ್ತದೆ.

ಬೇಸಿಗೆಯ ಶಿಬಿರಗಳಲ್ಲಿ ಮಕ್ಕಳಿಗೆ ಚಿತ್ರ ತೋರಿಸುವ ಬಸದಿಗಳ ಆಡಳಿತ ಮಂಡಳಿಗಳು ಇದನ್ನು ಆರಿಸಬೇಕೇ ಎಂಬ ಪ್ರಶ್ನೆ ಬಂದರೆ ಉತ್ತರ ಸುಲಭವಲ್ಲ. ಮಾಂಸದ ತಿನಿಸುಗಳ ದೃಶ್ಯವೈಭವವನ್ನು ಬಸದಿಯ ಆವರಣದಲ್ಲಿ ತೋರಿಸುವುದು ಉಚಿತವಾಗಲಾರದು. ಮನೆಯಲ್ಲಿ, ತಂದೆ ತಾಯಿ ಪಕ್ಕದಲ್ಲಿ ಕುಳಿತು, ಆಗಾಗ ನಿಲ್ಲಿಸಿ ಮಾತನಾಡುತ್ತ ತೋರಿಸಿದರೆ ಚಿತ್ರದಿಂದ ಪ್ರಯೋಜನವುಂಟು. ಮಕ್ಕಳಿಗೆ ಅದು ಅತಿಯಾಸೆಯ ಕಥೆಯಾಗಿ ಕಂಡೀತು. ಪಕ್ಕದಲ್ಲಿ ಕುಳಿತ ತಂದೆಗೆ ಅದು ಬೇರೆಯೇ ಕಥೆ.

ಟಿಮ್ ದುಷ್ಟನಲ್ಲ, ಸೋಮಾರಿಯಲ್ಲ, ಕಠಿಣಹೃದಯನೂ ಅಲ್ಲ. ಹಿತವನ್ನೂ ಮಿತವನ್ನೂ ಪಾಲಿಸಿದ ಸಜ್ಜನ. ಆತನಲ್ಲಿ ಕೊರತೆಯಾದುದು ಒಂದೇ ಒಂದು ಪ್ರಿಯವಚನ. ಆ ಒಂದು ಮಾತಿಗೆ ಬದಲಾಗಿ ಆತನ ಮಗ ಒಂದಿಡೀ ಊರನ್ನು ಎಂಜಲಿನಲ್ಲಿ ಮುಳುಗಿಸಬೇಕಾಯಿತು. ಚಿತ್ರದ ತಂದೆಗೆ ಕೊನೆಯ ಗಳಿಗೆಯಲ್ಲಿ ಮಗನೇ ಕಟ್ಟಿದ ಒಂದು ಯಂತ್ರ ಒದಗಿಬಂದಿತು. ನಿಜವಾದ ಮನೆಗಳಲ್ಲಿ ಅಂಥ ಯಂತ್ರವಿಲ್ಲ. ಅಲ್ಲಿ ಅಂಗಡಿಯ ಬಾಗಿಲು ಹಾಕಿ ಮನೆಗೆ ಬಂದ ತಂದೆ, ಇನ್ನೂ ಎಚ್ಚರವಾಗಿರುವ ಮಗನ ಬಳಿ ಕುಳಿತು, ಚೆನ್ನಾಗಿ ಮಾಡಿದೆ ಮಗು ಎಂದು ತನ್ನ ಬಾಯಿಂದಲೇ ಹೇಳಬೇಕು. ಹಾಗೆ ಹೇಳುವುದರಿಂದ ಮಿತವಚನಕ್ಕೆ ಭಂಗ ಬರುವುದಿಲ್ಲ.